ಕೆಳಗಿನ ಮನೆ

ಬಾಡಿಗೆಗೆ ಕೊಟ್ಟ ಮೇಲಿನ ಮನೆಯಲ್ಲಿ ಏನನ್ನೋ ಎಳೆದ ಸದ್ದು ಕೇಳಿ ನಾಗಶ್ರೀ ಗ್ಯಾಸನ್ನು ಸಣ್ಣಗೆ ಮಾಡಿ ಕಿವಿಗೊಟ್ಟಳು. ಸದ್ದು ನಿಂತಿತು. ಮತ್ತೆ ಶುರುವಾಯಿತು. ಟ್ರಂಕಿರಬೇಕು. ಎಳೆಯುತ್ತಿರುವುದು ದೇವರಾಜುವೇ ಇರಬೇಕು, ಈ ಸ್ಥಿತಿಯಲ್ಲಿ ಅವನ ಹೆಂಡತಿ ಆಶಾರಾಣಿ ಭಾರದ್ದು ಮುಟ್ಟಬಾರದು, ಮುಟ್ಟುತ್ತಿದ್ದರೆ ಹೋಗಿ ಬೇಡ ಕಣೇ ಅನ್ನಬೇಕು ಎಂದುಕೊಂಡಳು. ಬೇಡ ಅನ್ನುವ ಹಕ್ಕು ತನಗೆ ಉಳಿದಿದೆಯೇ ಎಂದೂ ಅದರ ಹಿಂದೆಯೇ ಅನ್ನಿಸಿತು. ಹುಡುಗಿ ಇವತ್ತು ಹೊರಡುತ್ತಾಳೆ. ಹನೂರಿನಿಂದಾಚೆ, ಬೆಟ್ಟದ ಸೆರಗಿನ ಒಂದು ಊರಿಗೆ, ಕಣ್ಣು ಮಂಜಾದ ಸೋದರತ್ತೆಯ ಮನೆಗೆ, ಚೊಚ್ಚಲ ಹೆರಿಗೆಗೆ. ನೋವು ಬಂದರೆ ಆ ಮುದುಕಿ ಯಾರನ್ನು ಕೂಗುತ್ತಾಳೆ? ಕೂಗಿದರೆ ಆ ಬೀದಿಯಲ್ಲಿ ಓಗೊಡುವವರು ಯಾರಿದ್ದಾರೆ? ಬೆಳಿಗ್ಗೆ ದೇವರಾಜು ಬಾಗಿಲಿನ ಹೊರಗೇ ನಿಂತು, "ಅಕ್ಕ, ಇವತ್ತು ಅವಳ ಊರ್ಗ ಬುಟ್ಟು ಬತ್ತಿನಿ. ನೀರು ಬುಟ್ರ ಮೇಲ್ಗಡ ಟ್ಯಾಂಕ್ ಒಸಿ ನೋಡ್ಕಳಿ," ಎಂದಿದ್ದ. ಅಷ್ಟೇ. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಮೊನ್ನೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಆಶಾರಾಣಿ ಬಂದು ಪಕ್ಕದಲ್ಲಿ ನಿಂತಿದ್ದಳು. ತಂತಿಯ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದುಕೊಡುತ್ತ, ಯಾವುದೋ ಸಣ್ಣ ವಿಷಯ ಕೇಳುವವಳ ಹಾಗೆ, "ಅಕ್ಕ, ಎರಿಗೆ ಆದ್ಮೇಲ ಊರ್ಗ ಓಗ್ದೇನೇ ಇಲ್ಲೇ ಇದ್ದುಬುಡ್ಲಾ? ನಮ್ಮವ್ವಗ ಕಂಪ್ನಿಲಿ ರಜ ಕೊಡಲ್ವಂತ," ಎಂದಿದ್ದಳು. ಈ ಪ್ರಶ್ನೆ ಬರುತ್ತದೆ ಎಂದು ನಾಗಶ್ರೀಗೆ ಗೊತ್ತಿತ್ತು. ಹುಡುಗಿಯ ಹೊಟ್ಟೆ ಮೊದಲು ಕಂಡ ದಿನದಿಂದಲೂ ಅವಳು ಅದಕ್ಕೆ ಕಾದಿದ್ದಳು, ಉತ್ತರವನ್ನು ಒಳಗೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳು. "ನನ್ನದೇನೂ ಇಲ್ಲಮ್ಮ. ನಮ್ಮ ಅತ್ತೆ ಹಳೇ ಕಾಲದವರು ನೋಡು. ಸೂತಕ, ಮೈಲಿಗೆ ಅಂತ ಅವರಿಗೆ ಸ್ವಲ್ಪ..." ಸ್ವಲ್ಪ ಎಂಬಲ್ಲಿ ನಿಲ್ಲಿಸಿದ್ದಳು. ಅಲ್ಲಿ ನಿಲ್ಲಿಸುವುದೆಂದು ಮೊದಲೇ ತೀರ್ಮಾನಿಸಿದ್ದಳು; ಮುಂದಿನದನ್ನು ಕೇಳುವವರೇ ತುಂಬಿಕೊಳ್ಳಲಿ ಎಂದು. ಆಶಾರಾಣಿ "ಆಯ್ತು ಬುಡಕ್ಕ" ಎಂದು ಉಳಿದ ಕ್ಲಿಪ್ಪುಗಳನ್ನೂ ತೆಗೆದು ಅವಳ ಕೈಗಿಟ್ಟು ಹೋಗಿದ್ದಳು. ಅತ್ತೆಯನ್ನು ನಾಗಶ್ರೀ ಕೇಳಿಯೇ ಇರಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಮಠದ ಸ್ವಾಮಿಗಳು ಪ್ರತಿ ಶ್ರಾವಣದಲ್ಲೂ ಹೇಳುತ್ತಾರೆ, ಅತ್ತೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಾರೆ. ಸುಳ್ಳು ಹೇಳಬೇಕಾದಾಗ ಇಷ್ಟು ಸುಲಭಕ್ಕೆ ಸಿಕ್ಕಿಬೀಳುವ ಸುಳ್ಳನ್ನೇ ಯಾಕೆ ಆರಿಸಿಕೊಂಡೆನೋ. ಅತ್ತೆಯ ಸೊಂಟದ ಎಲೆಅಡಿಕೆ ಚೀಲದ ಹಿಂದೆ ಅಡಗಿಕೊಂಡ ಮಗುವಿನ ಹಾಗೆ.

ನಿಜವಾದ ಕಾರಣ ಏನು? ಅದನ್ನು ತನಗೇ ಹೇಳಿಕೊಳ್ಳಲು ಹೋದಾಗಲೆಲ್ಲ ಹತ್ತು ಕಾರಣಗಳು ಎದ್ದು ಬರುತ್ತಿದ್ದವು. ಹೊರಗಿನ ಮೆಟ್ಟಿಲು ಕಡಿದು, ಕಂಬಿ ಹಾಕಿಸಿಲ್ಲ, ಹಸಿ ಬಾಣಂತಿ ಜಾರಿದರೆ. ಮಗುವಿಗೆ ಏನಾದರೂ ಆದರೆ. ನಡುರಾತ್ರಿ ಬಾಗಿಲು ಬಡಿದರೆ, ಗಂಡ ಬಸವಕುಮಾರ್ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದರೆ, ತಾನೊಬ್ಬಳೇ ಏನು ಮಾಡಲಿ. ಇವೆಲ್ಲ ನಿಜವೇ. ಈ ನಿಜಗಳ ಸಾಲಿನ ತುದಿಯಲ್ಲಿ ಒಂದು ಪದ ತಲೆತಗ್ಗಿಸಿ ನಿಂತಿರುತ್ತಿತ್ತು. ಜಾತಿ ಎಂಬ ಆ ಪದವನ್ನು ಅವಳು ಕಾಲೇಜಿನ ದಿನಗಳಿಂದ ಯಾರೆದುರೂ ಆಡಿದವಳಲ್ಲ. ಬಾಡಿಗೆಗೆ ಕೇಳಿಕೊಂಡು ಬಂದಾಗಲೂ ಆಡಿರಲಿಲ್ಲ. "ಯಾವ ಕಡೆಯವರು?" ಎಂದಷ್ಟೇ ಕೇಳಿದ್ದಳು. ದೇವರಾಜು "ಹನೂರ್ ಕಡ್ಯೋರು ಕಣಕ್ಕ" ಎಂದಿದ್ದ. ಇಬ್ಬರೂ ಅಲ್ಲಿಗೇ ಬಿಟ್ಟಿದ್ದರು. ಮೇಲಿನ ಮನೆ ಮೇಲಿನ ಮನೆ, ಕೆಳಗಿನದು ಕೆಳಗಿನದು. ಅವಳು ಹಬ್ಬಕ್ಕೆ ಕಳಿಸಿದ ಒಬ್ಬಟ್ಟು ಮೇಲೆ ಹತ್ತುತ್ತಿತ್ತು, ಅವರು ಕಳಿಸಿದ ಕಜ್ಜಾಯ ಕೆಳಗಿಳಿದು ಡಬ್ಬಿಯಲ್ಲಿ ಉಳಿಯುತ್ತಿತ್ತು, ಆಮೇಲೆ ಕೆಲಸದವಳ ಪಾಲಾಗುತ್ತಿತ್ತು. ಎಲ್ಲ ಸಲೀಸಾಗಿತ್ತು. ಒಂದು ಮಗು ಬರುತ್ತದೆ ಅನ್ನುವತನಕ.

ಈ ಬೀದಿಯಲ್ಲಿ ಯಾರೂ ಈ ಬೀದಿಯವರಲ್ಲ. ನಾಗಶ್ರೀ, ಬಸವಕುಮಾರ್ ಮನೆ ಕಟ್ಟಿಸಲು ಬಂದಾಗ ಸುತ್ತಲೂ ಹಿಪ್ಪುನೇರಳೆ ತೋಟ, ನಡುನಡುವೆ ಬಿಳಿ ಬಳಿದ ಸೈಟಿನ ಕಲ್ಲುಗಳು. ರಾತ್ರಿ ನರಿ ಕೂಗುತ್ತಿತ್ತು. ಈಗ ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನುಗಳು ಹಾರನ್ ಹೊಡೆಯುತ್ತವೆ. ಒದ್ದೆ ಜಡೆಯ ಹುಡುಗಿಯರು ತಿಂಡಿಯ ಡಬ್ಬಿ ಹಿಡಿದು ಓಡುತ್ತಾರೆ, ಆಶಾರಾಣಿಯೂ ಏಳನೇ ತಿಂಗಳವರೆಗೆ ಹಾಗೆಯೇ ಓಡಿದ್ದಳು. ಯಳಂದೂರಿನವರು ಮಕ್ಕಳ ಸ್ಕೂಲಿಗೆಂದು ಬಂದರು, ಕುಂತೂರಿನ ಕೆಲಸದವರು ಕೊಳ್ಳೇಗಾಲವೇ ವಾಸಿ ಎಂದು ಬಂದರು, ಹನೂರಿನ ಕಡೆಯವರು ಮಳೆಯನ್ನು ನಂಬದೆ ಬಂದರು. ಅತ್ತೆ ಶಿವರತ್ನಮ್ಮ ಮುಳ್ಳೂರು ಬಿಟ್ಟು ಇಲ್ಲಿಗೆ ಬಂದ ಹೊಸದರಲ್ಲಿ ಗೇಟಿನ ಬಳಿ ಕಲ್ಲಿನ ಮೇಲೆ ಕೂತು ಹೋಗುವವರನ್ನೆಲ್ಲ "ಯಾವೂರವ್ವ?" ಎಂದು ಕೇಳುತ್ತಿದ್ದರು. ನಾಗಶ್ರೀಗೆ ನಾಚಿಕೆಯಾಗಿ, ಹಾಗೆಲ್ಲ ಕೇಳಬಾರದು ಅತ್ತೆ, ಇದು ಟೌನು ಎಂದಿದ್ದಳು. "ಟೌನೋರ್ಗ ಊರಿರಲ್ವಾ?" ಎಂದಿದ್ದರು ಅವರು. ಕೇಳುವುದನ್ನು ಬಿಡಲಿಲ್ಲ.

ಒಂದು ಸಂಜೆ ಆಶಾರಾಣಿಯೂ ಅದೇ ಕಲ್ಲಿನ ಪಕ್ಕ ಕೂತು ತನ್ನ ಊರಿನ ಬಗ್ಗೆ ಹೇಳಿದ್ದಳು. ಬೀದಿಗೆ ಬೀದಿಯೇ ಬೀಗ. ಅಪ್ಪ ಮುತ್ತಯ್ಯ, ಅವ್ವ ಚಿಕ್ಕಬಸಮ್ಮ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗಿ ಎಷ್ಟೋ ವರ್ಷ. ಮನೆಯ ಹಿಂದಿನ ಹೆಂಚು ಬಿದ್ದು ಒಳಗೆ ಎಕ್ಕದ ಗಿಡ ಎದ್ದಿದೆ. "ತಿರುಪ್ಪೂರ್ಲಿ ನಮ್ಮ ಲೈನ್ ಮನಗಳಲ್ಲಿ ಪೂರಾ ನಮ್ಮೂರೋರೇ ಅಜ್ಜಿ. ಬೈಯೋರೂ ನಮ್ಮೋರೇ, ಸಾಲ ಕೇಳೋರೂ ನಮ್ಮೋರೇ. ಊರೇ ಅಲ್ಗ ಒಂಟೋಗದ. ಊರಲ್ಲಿ ಉಳ್ದಿರದು ಮಾರಮ್ಮನ ಗುಡಿ ಒಂದೆ," ಎಂದು ನಕ್ಕಿದ್ದಳು. ಹಾಗಾದರೆ ಬಾಣಂತನಕ್ಕೆ ಅಲ್ಲಿಗೇ ಹೋಗಬಹುದಲ್ಲ ಎಂದು ಕಿಟಕಿಯೊಳಗಿದ್ದ ನಾಗಶ್ರೀಗೆ ಆಸೆಯಾಗಿತ್ತು. ಆದರೆ ಹುಡುಗಿ ಮುಂದುವರಿಸಿದ್ದಳು: ಒಂದು ರೂಮಿನಲ್ಲಿ ಎರಡು ಸಂಸಾರ, ನಡುವೆ ಸೀರೆಯ ಪರದೆ. ಅಲ್ಲಿ ಮಗುವನ್ನು ಎಲ್ಲಿ ಮಲಗಿಸುವುದು.

ತವರು ಎಂಬುದು ಒಂದು ಜಾಗವೋ ಅಥವಾ ಅಲ್ಲಿದ್ದ ಜನವೋ ಎಂದು ನಾಗಶ್ರೀ ಸಾರಿಗೆ ಉಪ್ಪು ಹಾಕುತ್ತ ಯೋಚಿಸಿದಳು. ಉಪ್ಪು ಮೊದಲೇ ಹಾಕಿದ್ದೆನೇನೋ. ಕಳೆದ ವರ್ಷ ಬಿಳಿಗಿರಿರಂಗನ ಬೆಟ್ಟದಿಂದ ಬರುವಾಗ ಯಳಂದೂರಿನಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಅವಳು ಸುಮ್ಮನೆ ನಡೆಯುತ್ತ ಹೋಗಿ ತನ್ನ ಹುಟ್ಟಿದ ಮನೆಯ ಮುಂದೆ ನಿಂತಿದ್ದಳು. ಅಣ್ಣ ಅದನ್ನು ಮಾರಿ ಮೈಸೂರು ಸೇರಿ ಬಹಳ ಕಾಲವಾಗಿತ್ತು. ಮುಂದಿನ ಗೋಡೆ ಒಡೆದು ಶಟರ್ ಹಾಕಿ ಮೊಬೈಲ್ ಅಂಗಡಿ ಮಾಡಿದ್ದರು. ಮಗಳು ದೀಪ ಹುಟ್ಟಿದಾಗ ತಾನು ಮಲಗಿದ್ದ ಕೋಣೆ ಅದು. ಮಂಚವಿದ್ದ ಕಡೆ ಗಾಜಿನ ಕೌಂಟರು, ತೊಟ್ಟಿಲಿನ ಕೊಂಡಿಗಳಿದ್ದ ಜಂತೆಯ ಕೆಳಗೆ ಬಣ್ಣದ ಲೈಟುಗಳು. ಒಳಗೆ ಹೋಗುವುದಕ್ಕೆ ಒಂದು ನೆಪ ಬೇಕಾಗಿ ಚಾರ್ಜರ್ ಕೊಟ್ಟುಬಿಡಿ ಎಂದಿದ್ದಳು. ಚಾರ್ಜರ್ ಕೈಗೆ ಬಂದಮೇಲೂ ಹೊರಡದೆ ಜಂತೆ ನೋಡುತ್ತ ನಿಂತವಳನ್ನು ಅಂಗಡಿಯವನು, "ಬೇರೆ ಯಾನಾರ ಬೇಕಿತ್ತಾ ಆಂಟಿ?" ಎಂದು ಕೇಳಿದ್ದ. ಕೇಳುವ ರೀತಿ ಒರಟಾಗಿರಲಿಲ್ಲ. ಆದರೂ ಕದಿಯಲು ಬಂದವಳ ಹಾಗೆ ಅವಳಿಗೆ ಬೆವರು ಬಂದಿತ್ತು. ಬಸ್ಸಿನಲ್ಲಿ ಕೂತಮೇಲೆ ಅತ್ತಿದ್ದಳು, ಅತ್ತಿದ್ದನ್ನು ಬಸವಕುಮಾರನಿಗೆ ಬೆಟ್ಟದ ಧೂಳು ಎಂದಿದ್ದಳು.

ಟ್ರಂಕು ಕೆಳಗಿಳಿಯಿತು. ಗೂಡ್ಸ್ ಆಟೋದ ಹಿಂದಿನ ಬಾಗಿಲು ಬಿದ್ದ ಸದ್ದು. ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ತುಂಬ ನಿಧಾನ, ಒಂದು ಕೈ ಗೋಡೆಯನ್ನು ಸವರಿಕೊಂಡು ಬರುತ್ತಿರುವುದು ಇಲ್ಲಿಗೇ ಕೇಳುವಂತೆ. ನಾಗಶ್ರೀ ಹಾಲಿಗೆ ಬಂದು ಕಿಟಕಿಯ ಪರದೆಯ ಪಕ್ಕದಲ್ಲಿ ನಿಂತಳು. ಹೊರಗೆ ಹೋಗಿ ಒಂದು ತೆಂಗಿನಕಾಯಿಯೋ ಕುಪ್ಪಸದ ಬಟ್ಟೆಯೋ ಕೊಟ್ಟು ಕಳಿಸಬೇಕು. ಬರಿಗೈಯಲ್ಲಿ ಕಳಿಸಬಾರದು. ಆದರೆ ಓಡಿಸುತ್ತಿರುವವಳ ಕೈಯಿಂದ ಕಾಯಿ. ಅವಳು ನಿಂತೇ ಇದ್ದಳು.

"ಎತ್ತಗ ಕೂಸೇ, ಗಂಟುಮೂಟೆ ಕಟ್ಕಂಡು?" ಗೇಟಿನ ಕಲ್ಲಿನ ಮೇಲಿಂದ ಅತ್ತೆಯ ದನಿ.

"ಊರ್ಗ ಅಜ್ಜಿ. ನಮ್ಮತ್ತ ಮನಗ."

"ಆ ಮುದುಕಿಗ ಕಣ್ಣು ಕಾಣಲ್ಲ ಅಂದಿದ್ದಲ್ಲವ್ವ. ಅವಳು ಮಗ ಇಡ್ಕಂಡಾಳಾ, ಬಾಗ್ಲ ಚಿಲ್ಕ ಇಡ್ಕಂಡಾಳಾ? ಇಲ್ಲಿ ಯಾನಾಗಿತ್ತು ನಿಂಗ? ಆಸ್ಪತ್ರೆ ಕೂಗಿದ್ರ ಕೇಳಂಗದ."

ಆಟೋದ ಹಿಂದೆ ಹಗ್ಗ ಬಿಗಿಯುತ್ತಿದ್ದ ದೇವರಾಜು ತಲೆಯೆತ್ತದೆ, "ಗೊತ್ತಿಲ್ದೋರಂಗ ಕೇಳ್ಬ್ಯಾಡಿ ಬುಡಿ ಅಜ್ಜಿ. ಸೂತಕ ಆಯ್ತದ ಅಂದೋರು ನೀವೇ ತಾನೇ?" ಎಂದ.

"ನೀವ್ ಸುಮ್ಕಿರಿ," ಎಂದಳು ಆಶಾರಾಣಿ.

ನಾಗಶ್ರೀಯ ಕೈ ಪರದೆಯನ್ನು ಹಿಡಿದುಕೊಂಡಿತು. ಈಗ ಅತ್ತೆ ಯಾರು ಅಂದದ್ದು ಎನ್ನುತ್ತಾರೆ. ನಾನ್ಯಾವಾಗ ಅಂದೆ, ಕರಿ ನನ್ ಸೊಸೇನ ಎನ್ನುತ್ತಾರೆ. ಎದುರುಮನೆಯವಳು ಬಟ್ಟೆ ಹರವುವುದನ್ನು ನಿಲ್ಲಿಸುತ್ತಾಳೆ. ಶಿವರತ್ನಮ್ಮ ಬಾಯಿಯೊಳಗಿನ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. ಅವರ ಕಣ್ಣು ಮೆಲ್ಲಗೆ ತಿರುಗಿ ಪರದೆಯ ಮೇಲೆ ಬಂದು ನಿಂತಿತು. ಪರದೆಯ ಆಚೆ ತಾನು ಕಾಣುತ್ತಿರಲಾರೆ ಎಂದು ನಾಗಶ್ರೀ ಅಂದುಕೊಂಡಳು, ಕಾಣುತ್ತಿದ್ದೇನೆ ಎಂದೂ ಅವಳಿಗೆ ತಿಳಿದಿತ್ತು.

"ಊಂ ಕಣ್ಲಾ, ಅಂದಿದ್ದೆ," ಎಂದರು ಶಿವರತ್ನಮ್ಮ. "ವಯಸ್ಸಾದೋರ ಬಾಯಿ, ಒಂದ್ಕಡ ನಿಲ್ಲಲ್ಲ. ಈಗ ತಪ್ಪಾಯ್ತು ಅಂತ ಏಳ್ತಿವ್ನಿ. ಇಳ್ಸು ಟ್ರಂಕ."

"ನಮ್ಮವ್ವನೂ ಪೋನಲ್ಲಿ ಕೇಳ್ತು ಅಜ್ಜಿ," ಆಶಾರಾಣಿಯ ದನಿಯಲ್ಲಿ ನಗು ಇದ್ದಂತಿತ್ತು, "ಲಿಂಗಾಯ್ತರ್ಗೂ ಸೂತಕ ಅದ್ದಾ ಅಂತ."

"ಯಾರ್ಗೂ ಇಲ್ಲ ಕಣವ್ವ. ನಂಗೊಬ್ಬಳ್ಗೇ ಇತ್ತು. ಬುಟ್ಟೋಯ್ತು."

ಅತ್ತೆ ಬೈದಿದ್ದರೆ ನಾಗಶ್ರೀ ತಡೆದುಕೊಳ್ಳುತ್ತಿದ್ದಳು. ಇಷ್ಟು ವರ್ಷದಲ್ಲಿ ಅತ್ತೆ ತನ್ನ ಅಡುಗೆಯನ್ನು, ಸೀರೆಯನ್ನು, ಮಗಳನ್ನು ಹಾಸ್ಟೆಲಿಗೆ ಕಳಿಸಿದ್ದನ್ನು ಎಲ್ಲರೆದುರು ಆಡಿಕೊಂಡಿದ್ದರು. ಅದಕ್ಕೆಲ್ಲ ಅವಳಲ್ಲಿ ಉತ್ತರವಿತ್ತು. ತನ್ನ ಸುಳ್ಳನ್ನು ಆ ಮುದುಕಿ ಬೀದಿಯ ನಡುವೆ ಸೆರಗೊಡ್ಡಿ ತಮ್ಮ ಮಡಿಲಿಗೆ ಹಾಕಿಕೊಂಡದ್ದಕ್ಕೆ ಉತ್ತರವಿರಲಿಲ್ಲ. ಇನ್ನು ಒಳಗೇ ಇದ್ದುಬಿಡಬಹುದು. ಅತ್ತೆ ಎಲ್ಲ ಸರಿಮಾಡುತ್ತಾರೆ. ಟ್ರಂಕು ಮೇಲೆ ಹೋಗುತ್ತದೆ, ತಾನು ಏನೂ ಅರಿಯದವಳ ಹಾಗೆ ಸಾರಿಗೆ ಒಗ್ಗರಣೆ ಹಾಕಬಹುದು.

ಆದರೆ ದೇವರಾಜು ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ. "ಬ್ಯಾಡ ಬುಡಿ ಅಜ್ಜಿ. ಒಂದ್ಸಲ ಬ್ಯಾಡ ಅನ್ನಿಸ್ಕಂಡ ಮನಲಿ ಬಾಣಂತಿ ಮನಗ್ಸಕಾದದಾ? ನಮ್ಗೂ ಮಾನ ಅದ. ಆಟೋ ಅತ್ತು ಆಶಾ ನೀನು, ಬಿಸ್ಲು ಏರ್ತದ."

ಚಪ್ಪಲಿ ಹಾಕಿಕೊಳ್ಳದೆ ನಾಗಶ್ರೀ ಹೊರಗೆ ಬಂದಳು. ಅಂಗಳದ ಸಿಮೆಂಟು ಕಾದಿತ್ತು. ಹೇಳಬೇಕಾದದ್ದನ್ನು ತಿದ್ದಿಕೊಂಡಿರಲಿಲ್ಲ.

"ಅತ್ತೆ ಅಂದಿಲ್ಲ," ಎಂದಳು. "ಅತ್ತೇನ ನಾನು ಕೇಳೇ ಇಲ್ಲ. ಅಂದದ್ದು ನಾನು."

ಎದುರುಮನೆಯವಳು ನಿಜವಾಗಿಯೂ ಬಟ್ಟೆ ಹರವುವುದನ್ನು ನಿಲ್ಲಿಸಿದ್ದಳು. ಶಿವರತ್ನಮ್ಮ ಎದ್ದು ಗೇಟಿನಾಚೆ ಉಗುಳಿ ಬಂದು, ಇವಳಿಗೆ ಬುದ್ಧಿಯಿಲ್ಲ ಎಂಬಂತೆ ತಲೆ ಆಡಿಸುತ್ತ ಮತ್ತೆ ಕೂತರು. ಆಶಾರಾಣಿ ಆಟೋದ ಹಗ್ಗವನ್ನು ನೋಡುತ್ತ, "ಗೊತ್ತಿತ್ತು ಕಣಕ್ಕ," ಎಂದಳು. "ಅಜ್ಜಿ ದಿನಾ ಸಾಯಂಕಾಲ ನನ್ನ ಹೊಟ್ಟ ಮುಟ್ಟಿ, ಇವತ್ತು ಒದ್ದುದಾ ಅಂತ ಕೇಳ್ತಿತ್ತು. ಅಂತಾದು ಯಾಕ ಅಂಗಂದದು?"

"ಮತ್ತೆ ಮೊನ್ನೆ ಯಾಕೆ ಸುಮ್ಮನಿದ್ದೆ?"

"ನಿಮ್ಗ ಬೇಜಾರಾಯ್ತದ ಅಂತ."

ನಾಗಶ್ರೀಗೆ ಮೆಟ್ಟಿಲು ಕಂಡಿತು. ಕಂಬಿಯಿಲ್ಲದ, ಕಡಿದಾದ, ಎಷ್ಟೋ ತಿಂಗಳು ಈ ಹುಡುಗಿ ಗೋಡೆ ಹಿಡಿದು ಹತ್ತಿಳಿದ ಮೆಟ್ಟಿಲು. ಗೋಡೆಯ ಸುಣ್ಣದ ಮೇಲೆ ಅವಳ ಕೈ ಸವರಿದ ಕಡೆ ಒಂದು ಮಾಸಲು ಗೆರೆ ಬಿದ್ದಿತ್ತು. "ಮೇಲೆ ಬೇಡ," ಎಂದಳು ನಾಗಶ್ರೀ. ದೇವರಾಜುವಿನ ಮುಖ ಬಿಗಿಯಾದದ್ದು ಕಂಡು, ತನ್ನ ಮಾತು ಎಲ್ಲಿ ನಿಂತಿದೆ ಎಂದು ಹೊಳೆದು, ಗಾಬರಿಯಲ್ಲಿ ಉಳಿದದ್ದನ್ನು ಒಟ್ಟಿಗೇ ಸುರಿದಳು. "ಆ ಮೆಟ್ಟಿಲು ಬಾಣಂತಿಗೆ ಆಗಲ್ಲಪ್ಪ. ಕೆಳಗಿರಲಿ. ಒಳಗೆ, ದೀಪನ ರೂಮಿನಲ್ಲಿ. ಅವಳು ಮೈಸೂರಲ್ಲಿ ಹಾಸ್ಟೆಲಲ್ಲಿದ್ದಾಳೆ, ರೂಮು ಸುಮ್ಮನೆ ಬಿದ್ದಿದೆ. ಬಚ್ಚಲು ಪಕ್ಕದಲ್ಲೇ ಇದೆ."

"ಒಳಗಾ?" ಎಂದರು ಶಿವರತ್ನಮ್ಮ.

ತುಂಬ ಮೆಲ್ಲಗೆ ಅಂದದ್ದು. ಅತ್ತೆಯ ಮನಸ್ಸೂ ಮೇಲಿನ ಮನೆಯವರೆಗೆ ಮಾತ್ರ ಹೋಗಿತ್ತು ಎಂದು ನಾಗಶ್ರೀಗೆ ಅರ್ಥವಾಯಿತು. ಆಶಾರಾಣಿಗೂ ಅರ್ಥವಾಯಿತು, ಅವಳು ಬೇಗನೆ ಬೇರೆ ಕಡೆ ನೋಡಿದಳು. ನಾಗಶ್ರೀಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ತಾನು ಆ ಹೊಸಿಲಿನ ಈಚೆಗೆ ಬಂದು ಒಂದು ಗಳಿಗೆಯೂ ಆಗಿಲ್ಲ. ಶಿವರತ್ನಮ್ಮ ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದರು. ಹಿಪ್ಪುನೇರಳೆ ಕೊಯ್ದು ಕೊಯ್ದು ಸೊಟ್ಟಗಾದ ಬೆರಳುಗಳು ಸೀರೆಯ ಅಂಚನ್ನು ಮಡಿಸಿ ಬಿಚ್ಚಿದವು, ಮಡಿಸಿ ಬಿಚ್ಚಿದವು. ಆಮೇಲೆ ಉಸಿರುಬಿಟ್ಟು ಎದ್ದರು. "ಆ ರೂಮ್ಲಿ ಸೊಳ್ಳ ಕಣವ್ವ. ಬೇವಿನ ಸೊಪ್ಪು ಒಗ ಆಕ್ಬೇಕು. ಎದ್ರುಮನವಳು ನೋಡ್ತಾ ನಿಂತವ್ಳಲ್ಲ, ಅವಳ ಮರದಲ್ಲೇ ಮುರ್ಕ ಬತ್ತಿನಿ, ಕೆಲ್ಸ ಆದ್ರೂ ಆಗ್ಲಿ," ಎಂದು ಗೇಟು ದಾಟಿದರು.

ದೇವರಾಜು ಇನ್ನೂ ಹಗ್ಗ ಹಿಡಿದೇ ನಿಂತಿದ್ದ. ಆಶಾರಾಣಿ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟಳು. "ನಂಗ ಕಾಲು ಊದ್ಕಂಡವ. ಬೈಯೋದಿದ್ರ ಬೈರಿ, ಕುಂತ್ಕಂಡೇ ಬೈಸ್ಕತಿನಿ. ಆ ಊರ್ಗ ನಾ ಬರಲ್ಲ. ಅಲ್ಲಿ ಯಾರವ್ರ ನನ್ ಮಗನ ನೋಡಕ?" ಅವನು ಅವಳನ್ನು ನೋಡಿದ, ನಾಗಶ್ರೀಯನ್ನು ನೋಡಿದ, ಆ ನೋಟದಲ್ಲಿ ನಂಬಿಕೆ ಪೂರ್ತಿ ಬಂದಿರಲಿಲ್ಲ. ಬರಬೇಕಾದ್ದೂ ಇಲ್ಲ, ಒಂದು ಬೆಳಗಿನಲ್ಲಿ. "ನೋಡ್ಕಳಿ ಅಕ್ಕ," ಎಂದ. ಹಗ್ಗ ಬಿಚ್ಚತೊಡಗಿದ.

ಹೊಸಿಲಿನ ಬಳಿ ಆಶಾರಾಣಿ ನಿಂತಳು. ಬಾಡಿಗೆ ಕೊಡಲು, ಕೀಲಿ ಕೊಡಲು, ಕಜ್ಜಾಯ ಕೊಡಲು ಬಂದಾಗಲೆಲ್ಲ ಅವಳು ನಿಲ್ಲುತ್ತಿದ್ದ ಜಾಗ ಅದೇ. ಕಾಲು ತಾನಾಗಿ ಅಲ್ಲಿ ನಿಂತಿತು. ನಾಗಶ್ರೀ ಬಾ ಅನ್ನಲಿಲ್ಲ, ಆ ಪದ ಸಾಲದು ಅನ್ನಿಸಿ ಕೈ ಹಿಡಿದಳು. ಬೆವರಿದ ಕೈ, ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿತ್ತು. ಇಷ್ಟು ದಿನದಲ್ಲಿ ಈ ಹುಡುಗಿಯನ್ನು ಮುಟ್ಟಿದ್ದು ಇದೇ ಮೊದಲು ಎಂದು ತಿಳಿದು ನಾಗಶ್ರೀಯ ಕುತ್ತಿಗೆ ಬಿಸಿಯಾಯಿತು. ರೂಮಿನಲ್ಲಿ ದೀಪಳ ಪುಸ್ತಕಗಳನ್ನು ಮಂಚದಿಂದ ತೆಗೆದು ಹೊಸ ಬೆಡ್‌ಶೀಟ್ ಹಾಸಿದಳು. ಆಶಾರಾಣಿ ತುದಿಯಲ್ಲಿ ಕೂತಳು, ಆಮೇಲೆ ನಾಚಿಕೆಯಿಂದಲೇ ಕಾಲು ಮೇಲೆತ್ತಿ ಮಲಗಿದಳು. ಬಸವಕುಮಾರನಿಗೆ ಹೇಳಬೇಕು. ಸಂಜೆ ಬಂದಾಗ ಹೇಳಿದರಾಯಿತು. ಅತ್ತೆಯ ಹೆಸರು ಹೇಳದೆ, ನಾನು ಅಂತ ಶುರುಮಾಡಿ.

"ಅವ್ವಂಗ ಏಳ್ಬುಡ್ತಿನಿ, ಊರ್ಗ ಒಂಟಿದ್ದೀನಿ ಅನ್ಕಂಡದ," ಎಂದು ಹುಡುಗಿ ಫೋನು ಹಚ್ಚಿದಳು. ಆ ಕಡೆಯಿಂದ ನೂರಾರು ಹೊಲಿಗೆ ಯಂತ್ರಗಳ ಸದ್ದು, ಅದರ ನಡುವೆ ತಮಿಳಿನಲ್ಲಿ ಯಾರನ್ನೋ ಗದರುವ ಹೆಂಗಸಿನ ದನಿ. ಆಶಾರಾಣಿ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸಿದಳು. "ಅಕ್ಕ, ನಿಮ್ಗ ಕೊಡು ಅಂತದ," ಎಂದು ಫೋನು ಚಾಚಿದಳು.

"ಯಾರವ್ವ ಮಾತಾಡದು?"

ಮನೆಯ ಓನರ್ ಅನ್ನಬೇಕಿತ್ತು, ಅದು ನಿಜ. "ನಾನು ನಾಗಶ್ರೀ," ಎಂದಳು. ಮುಂದೇನು ಸೇರಿಸಬೇಕೆಂದು ತಿಳಿಯಲಿಲ್ಲ. "ಆಶಾ ನಮ್ಮ ಹತ್ತಿರಾನೇ ಇರ್ತಾಳೆ."

"ಇರ್ಲಿ ತಾಯಿ. ಇರ್ಲಿ." ಚಿಕ್ಕಬಸಮ್ಮನ ದನಿ ಒಡೆದು ಮತ್ತೆ ಕೂಡಿಕೊಂಡಿತು. "ಅಲ್ಲವ್ವ, ಬಾಣಂತಿಗ ನೀರ್ ಉಯ್ಯೋರು ಯಾರವ್ರ ಅಲ್ಲಿ? ಸುಮ್ನ ಸ್ನಾನ ಮಾಡ್ಸದಲ್ಲ ಅದು."

"ನಾನು ಹಾಕ್ತೀನಿ. ನನಗೆ ಬರಲ್ಲ. ನೀವು ಹೇಳಿಕೊಡಿ."

ಯಂತ್ರದ ಸದ್ದು ದೂರವಾಯಿತು. ಗೋಡೆಯ ಮರೆಗೆ ಹೋಗಿ ನಿಂತಿರಬೇಕು. ಆಮೇಲೆ ಆ ಹೆಂಗಸು ಹೇಳತೊಡಗಿದಳು. ನೀರು ಎಷ್ಟು ಕಾಯಬೇಕೆಂದರೆ ಕೈ ಅದ್ದಿದರೆ ಚುರುಕ್ ಅನ್ನಬೇಕು, ಬೊಬ್ಬೆ ಏಳಬಾರದು. ಮೊದಲು ಹರಳೆಣ್ಣೆ ತಿಕ್ಕಿ, ಅರಿಶಿನ ಬೆರೆಸಿ, ಬೇಗ ಬೇಗ ಬೇಡ. ಮೊದಲು ಪಾದಕ್ಕೆ, ಆಮೇಲೆ ಸೊಂಟಕ್ಕೆ ಚೊಂಬಿನಲ್ಲಿ ಬೀಸಿ ಹೊಡೆಯಬೇಕು, ನೀರು ಬಡಿದ ಸದ್ದು ಕೇಳಬೇಕು. ನಾಗಶ್ರೀ ಊಂಗುಡುತ್ತ ಹೋದಳು. ಮಂಚದ ಮೇಲೆ ಆಶಾರಾಣಿ ಕಣ್ಣು ಮುಚ್ಚಿ, ಫೋನಿನಿಂದ ಸೋರಿ ಬರುವ ಅವ್ವನ ದನಿಗೆ ತುಟಿ ಅಲುಗಿಸುತ್ತಿದ್ದಳು. ಹೊರಗಿನಿಂದ ಬೇವಿನ ಸೊಪ್ಪಿನ ಹಸಿ ವಾಸನೆ, ಯಾರೊಂದಿಗೋ ಜಗಳದ ಹಾಗೆ ಮಾತಾಡುತ್ತಿರುವ ಅತ್ತೆ.

"ಅವಳು ಸಣ್ಣುದ್ರಿಂದ ಬಿಸ್ನೀರ್ಗ ಎದ್ರತಳ ತಾಯಿ. ಬೆನ್ಗ ಉಯ್ಯವಾಗ ಸಾಕು ಸಾಕು ಅಂತ ಕೂಗ್ತಾಳ. ಕೈ ಇಡ್ಕತಾಳ, ಅಳ್ತಾಳ." ಆ ಕಡೆ ಗಂಟೆ ಬಡಿಯಿತು. "ಬೆಲ್ ಆಯ್ತು ಕಣವ್ವ. ಕೂಗ್ತಾಳ ಅಂತ ನೀವು ಬುಟ್ಗಿಟ್ಟೀರಿ."

"ಬಿಡಲ್ಲ," ಎಂದಳು ನಾಗಶ್ರೀ.

ಫೋನು ನಿಲ್ಲಿಸುವುದನ್ನು ಮರೆತು ಚಿಕ್ಕಬಸಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿರಬೇಕು. ಬಟ್ಟೆಯ ಸರಪರ, ಕುರ್ಚಿ ಎಳೆದ ಸದ್ದು, ಆಮೇಲೆ ಬಹಳ ಹತ್ತಿರದಿಂದ ಒಂದೇ ಒಂದು ಯಂತ್ರ ಹೊಲಿಯತೊಡಗಿತು. ನಾಗಶ್ರೀ ಫೋನನ್ನು ನಿಲ್ಲಿಸದೆ, ಆಶಾರಾಣಿಯ ದಿಂಬಿನ ಪಕ್ಕ ಇಟ್ಟಳು.